ಪಲ್ಯ ತಳ ಹಿಡಿದರೆ ಎಣ್ಣೆಯಲ್ಲ, ನೀರು ಹಾಕಿ



ಕಳೆದ ಸಲ ಎಣ್ಣೆಯ ಬಗ್ಗೆ ಬರೆದ ಮೇಲೆ ಬಂದ ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: "ಡಾಕ್ಟ್ರೇ, ಎಣ್ಣೆ ಕಡಿಮೆ ಮಾಡಿ ಅಂತ ಹೇಳೋದು ಸುಲಭ. ಪಲ್ಯ ತಳ ಹಿಡಿದರೆ ಏನು ಹಾಕೋದು?" ನೀರು ಹಾಕಿ. ಇದನ್ನು ಓದಿ ನಗಬೇಡಿ. ನಮ್ಮ ಅಡುಗೆಮನೆಗಳಲ್ಲಿ ಎಣ್ಣೆ ಮಾಡುತ್ತಿರುವ ಕೆಲಸಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೀರು ಸಲೀಸಾಗಿ ಮಾಡಬಲ್ಲದು. ಅದು ಹೇಗೆ, ಎಲ್ಲಿ ಮಾಡಲಾರದು, ಮತ್ತು ಹೃದಯದ ಮಾತ್ರೆ ತಿನ್ನುವವರು ಇದೇ ನೀರಿನ ವಿಷಯದಲ್ಲಿ ಎಲ್ಲಿ ಹುಷಾರಾಗಿರಬೇಕು ಎಂದು ಈ ಸಲ ಹೇಳುತ್ತೇನೆ. ಸ್ವಲ್ಪ ಉದ್ದವಿದೆ, ಚಹಾ ಕುಡಿಯುತ್ತಾ ಓದಿ. ಅಡುಗೆ ಮಾಡದ ಗಂಡಸರೂ ಓದಬೇಕು, ಕೊನೆಯ ಭಾಗ ಹೆಚ್ಚಾಗಿ ಅವರಿಗೇ ಸಂಬಂಧಿಸಿದ್ದು.

ಮೊದಲು ಒಂದು ಲೆಕ್ಕ. ತೆರೆದ ಪಾತ್ರೆಯಲ್ಲಿ ನೀರು ಎಷ್ಟೇ ಕುದಿದರೂ ಅದರ ಬಿಸಿ 100 ಡಿಗ್ರಿ ದಾಟುವುದಿಲ್ಲ. ಉರಿ ದೊಡ್ಡದು ಮಾಡಿದರೆ ನೀರು ಬೇಗ ಆವಿಯಾಗುತ್ತದೆ, ಅಷ್ಟೇ. ಬಿಸಿ ಹೆಚ್ಚಾಗುವುದಿಲ್ಲ. ಸಾರು ಮೆಲ್ಲಗೆ ಕುದಿಯುವಾಗಲೂ 100, ಉಕ್ಕುವಾಗಲೂ 100. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿದರೆ ತರಕಾರಿ ಬೇಯುವುದು ತಡವಾಗುವುದಿಲ್ಲ, ಗ್ಯಾಸ್ ಮಾತ್ರ ಉಳಿಯುತ್ತದೆ. ಎಣ್ಣೆಗೆ ಇಂಥ ಗಡಿ ಇಲ್ಲ. ಬೋಂಡಾ ಕರಿಯುವ ಎಣ್ಣೆ 170ರಿಂದ 190 ಡಿಗ್ರಿಯವರೆಗೆ ಇರುತ್ತದೆ, ಬಿಟ್ಟರೆ ಇನ್ನೂ ಏರಿ ಹೊಗೆ ಕಾರುತ್ತದೆ. ಬಾಣಲೆಯಲ್ಲಿ ಒಂದು ಚಮಚ ನೀರು ಇರುವ ತನಕ ಅಲ್ಲಿನ ಪದಾರ್ಥ 100 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಹಾಗಾಗಿ ಸೀಯುವುದಿಲ್ಲ. ತಳ ಹಿಡಿಯುವುದು ಎಣ್ಣೆ ಕಡಿಮೆಯಾದದ್ದರಿಂದ ಅಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಆಗಿರುವುದು ನೀರು ಆರಿಹೋಗಿರುವುದು.

ಇಲ್ಲಿ ನಮ್ಮ ಮರಾಠಿ ನೆರೆಮನೆಯವರಿಂದ ಕಲಿಯಬೇಕಾದ ಒಂದು ಉಪಾಯ ಇದೆ. ಸಯನ್, ಮಾಟುಂಗಾ, ಚುನಾಭಟ್ಟಿಯ ಹಳೆಯ ಬಿಲ್ಡಿಂಗ್‌ಗಳಲ್ಲಿ ಇರುವವರು ಇದನ್ನು ನೋಡಿಯೇ ಇರುತ್ತೀರಿ. ಭಾಜಿ ಬೇಯಿಸುವಾಗ ಅವರು ಕಡಾಯಿಯ ಮೇಲೆ ಅಂಚಿರುವ ಒಂದು ತಟ್ಟೆ ಮುಚ್ಚಿ, ಆ ತಟ್ಟೆಯ ಮೇಲೆ ನೀರು ಹಾಕಿಡುತ್ತಾರೆ. ನಮ್ಮ ಕಡೆಯ ಹಳೆಯ ಕಾಲದ ಅಡುಗೆಯವರೂ ಮಾಡುತ್ತಿದ್ದರು, ಗಾಜಿನ ಮುಚ್ಚಳ ಬಂದ ಮೇಲೆ ಬಿಟ್ಟಿದ್ದೇವೆ. ಇದರ ಹಿಂದಿನ ವಿಜ್ಞಾನ ಸರಳ. ತರಕಾರಿಯಿಂದ ಏಳುವ ಆವಿ ಮೇಲೆ ಹೋಗಿ ತಣ್ಣಗಿರುವ ತಟ್ಟೆಗೆ ತಾಗಿ ಮತ್ತೆ ನೀರಾಗಿ ಕೆಳಗೆ ತೊಟ್ಟಿಕ್ಕುತ್ತದೆ. ತಟ್ಟೆಯ ಮೇಲಿನ ನೀರು ಬಿಸಿಯಾಗುತ್ತಾ ಇರುತ್ತದೆ, ಬೇಕಾದರೆ ಅದನ್ನೇ ಎರಡು ಚಮಚ ಪಲ್ಯಕ್ಕೆ ಹಾಕಬಹುದು. ತಣ್ಣೀರು ಹಾಕಿದಂತೆ ಬೇಯುವುದು ಮಧ್ಯದಲ್ಲಿ ನಿಲ್ಲುವುದಿಲ್ಲ. ಬೀನ್ಸ್, ಅಲಸಂಡೆ, ತೊಂಡೆಕಾಯಿ, ಎಲೆಕೋಸು, ಹೀಗೆ ಯಾವುದನ್ನಾದರೂ ಒಂದು ಚಮಚ ಎಣ್ಣೆಯ ಒಗ್ಗರಣೆಯಲ್ಲಿ ನಾಲ್ಕು ಜನಕ್ಕೆ ಆಗುವಷ್ಟು ಬೇಯಿಸಬಹುದು. ಒಂದು ಸಣ್ಣ ಚಮಚ ಎಣ್ಣೆ ಎಂದರೆ ಸುಮಾರು 40 ಕ್ಯಾಲೊರಿ. ಬಾಟಲಿಯಿಂದಲೇ ಕಣ್ಣಂದಾಜಿನಲ್ಲಿ ಸುರಿದರೆ ಅದು ನಾಲ್ಕೈದು ಚಮಚ ಆಗುವುದು ಯಾರಿಗೂ ಗೊತ್ತಾಗುವುದಿಲ್ಲ. ಪಲ್ಯಕ್ಕೆ, ಸಾರಿಗೆ, ಚಟ್ನಿಗೆ, ದೋಸೆಗೆ ಎಂದು ದಿನದ ಲೆಕ್ಕ ಹಾಕಿ ನೋಡಿ.

ಈರುಳ್ಳಿಯ ವಿಷಯಕ್ಕೆ ಬರೋಣ, ಎಣ್ಣೆ ಹೆಚ್ಚು ಹೋಗುವುದು ಅಲ್ಲೇ. ಈರುಳ್ಳಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಅದು ಆರುವ ತನಕ ಈರುಳ್ಳಿ ಕೆಂಪಾಗುವುದಿಲ್ಲ, ನೀವು ಎಷ್ಟೇ ಎಣ್ಣೆ ಹಾಕಿ. ಹಾಗಾಗಿ ಸಾಸಿವೆ ಸಿಡಿದ ಮೇಲೆ ಈರುಳ್ಳಿ ಹಾಕಿ, ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿಡಿ. ಐದು ನಿಮಿಷದಲ್ಲಿ ಮೆತ್ತಗಾಗುತ್ತದೆ. ಆಮೇಲೆ ಮುಚ್ಚಳ ತೆಗೆದು ನೀರು ಆರಲು ಬಿಡಿ, ಬಣ್ಣ ಬರುತ್ತದೆ. ತಳಕ್ಕೆ ಅಂಟಿದ ಕಂದು ಪದರಕ್ಕೆ ಮತ್ತೆ ಒಂದು ಚಮಚ ನೀರು ಹಾಕಿ ಕೆರೆದರೆ ಅದೆಲ್ಲ ಮಸಾಲೆಗೆ ಸೇರುತ್ತದೆ. ರುಚಿ ಇರುವುದೇ ಆ ಪದರದಲ್ಲಿ. ಗರಿಗರಿ ಈರುಳ್ಳಿ ಬೇಕು ಎನ್ನುವವರಿಗೆ ಈ ವಿಧಾನ ಸರಿಹೋಗದು, ಅದು ಬಿರಿಯಾನಿಯ ದಿನಕ್ಕೆ ಇರಲಿ.

ಎಣ್ಣೆ ಪೂರ್ತಿ ಬಿಡಿ ಎಂದು ನಾನು ಹೇಳುತ್ತಿಲ್ಲ. 'ಝೀರೋ ಆಯಿಲ್' ಎಂದು ಕೆಲವರು ಹಟ ಹಿಡಿಯುತ್ತಾರೆ, ನನಗೆ ಅದು ಒಪ್ಪಿಗೆಯಿಲ್ಲ. ಕ್ಯಾರೆಟ್, ಟೊಮೆಟೊ, ಸೊಪ್ಪಿನಲ್ಲಿರುವ ಬಣ್ಣದ ಪೋಷಕಾಂಶಗಳು ಸ್ವಲ್ಪ ಕೊಬ್ಬು ಇದ್ದರೆ ಮಾತ್ರ ಚೆನ್ನಾಗಿ ಮೈಗೆ ಹತ್ತುತ್ತವೆ. ಇಂಗು, ಜೀರಿಗೆ, ಒಣಮೆಣಸಿನ ಪರಿಮಳ ಬಿಟ್ಟುಕೊಳ್ಳುವುದೂ ಎಣ್ಣೆಗೇ, ನೀರಿಗಲ್ಲ. ಒಗ್ಗರಣೆಯ ಒಂದು ಚಮಚ ಇರಲಿ. ಬೇಯಿಸುವ ಕೆಲಸವನ್ನು ಮಾತ್ರ ನೀರಿಗೆ ಕೊಡಿ.

ಹಾಗೆ ನೋಡಿದರೆ ನಮ್ಮವರ ಅಡುಗೆಯ ಅತ್ಯುತ್ತಮ ತಿಂಡಿಗಳೆಲ್ಲ ನೀರಿನವೇ. ಇಡ್ಲಿ, ಪುಂಡಿ, ಕೊಟ್ಟೆ ಕಡುಬು, ಮೂಡೆ, ಪತ್ರೊಡೆ, ಅರಶಿನ ಎಲೆಯ ಕಡುಬು, ಒತ್ತು ಶ್ಯಾವಿಗೆ ಎಲ್ಲವೂ ಹಬೆಯಲ್ಲಿ ಬೆಂದದ್ದು. ನೀರುದೋಸೆಯ ಹೆಸರಿನಲ್ಲೇ ನೀರಿದೆ. ಮಳೆಗಾಲದಲ್ಲಿ ಮಾಟುಂಗಾ ಮಾರ್ಕೆಟ್ಟಿಗೆ ಹೋದರೆ ಕೆಸುವಿನ ಎಲೆ, ಅರಶಿನ ಎಲೆ ಸಿಗುತ್ತವೆ, ಸಯನ್‌ನಿಂದ ನಡೆದೇ ಹೋಗಬಹುದು. ಆ ನಡಿಗೆಯೂ ನನ್ನ ಲೆಕ್ಕಕ್ಕೆ ಸೇರಿದೆ.

ಹಬೆ ಇಷ್ಟು ಚುರುಕಾಗಿ ಬೇಯಿಸುವುದು ಹೇಗೆ? ಹಬೆಯೂ 100 ಡಿಗ್ರಿ, ಕುದಿವ ನೀರೂ 100 ಡಿಗ್ರಿ. ಆದರೆ ಒಂದು ಗ್ರಾಂ ನೀರನ್ನು ಮಂಜುಗಡ್ಡೆಯಷ್ಟು ತಣ್ಣಗಿನಿಂದ ಕುದಿಯುವ ತನಕ ತರಲು 100 ಕ್ಯಾಲೊರಿ ಶಾಖ ಸಾಕು. ಕುದಿವ ಆ ನೀರನ್ನು ಆವಿ ಮಾಡಲು ಮತ್ತೆ 540 ಬೇಕು. (ಊಟದ ಲೆಕ್ಕದಲ್ಲಿ ನಾವು ಕ್ಯಾಲೊರಿ ಎನ್ನುವುದು ಇದರ ಸಾವಿರ ಪಟ್ಟು, ಗೊಂದಲ ಬೇಡ.) ಆವಿ ಇಡ್ಲಿಗೆ ತಾಗಿ ಮತ್ತೆ ನೀರಾಗುವಾಗ ಆ 540 ಅನ್ನು ಪೂರ್ತಿ ಅಲ್ಲೇ ಬಿಟ್ಟುಬಿಡುತ್ತದೆ. ಅದಕ್ಕೇ ಹತ್ತು ಹನ್ನೆರಡು ನಿಮಿಷಕ್ಕೆ ಇಡ್ಲಿ ಬೇಯುತ್ತದೆ, ಒಂದು ಹನಿ ಎಣ್ಣೆ ಬೇಡ. ಅದೇ ಕಾರಣಕ್ಕೆ ಹಬೆ ತಾಗಿದ ಸುಟ್ಟಗಾಯ ಬಿಸಿನೀರಿನದಕ್ಕಿಂತ ಕೆಟ್ಟದ್ದು. ಇಡ್ಲಿ ಪಾತ್ರೆಯ ಮುಚ್ಚಳವನ್ನು ನಿಮ್ಮ ಕಡೆಗೆ ಓರೆ ಮಾಡಿ ತೆಗೆಯಬೇಡಿ, ಆಚೆ ಕಡೆಗೆ ಎತ್ತಿ. ಸುಟ್ಟರೆ ಹತ್ತಿಪ್ಪತ್ತು ನಿಮಿಷ ನಲ್ಲಿಯ ನೀರಿನ ಕೆಳಗೆ ಹಿಡಿಯಿರಿ. ಟೂತ್‌ಪೇಸ್ಟ್ ಬೇಡ, ಅರಶಿನ ಬೇಡ.

ವಿಜಯಪುರ, ಕಲಬುರಗಿ ಕಡೆಯವರ ಜೋಳದ ರೊಟ್ಟಿ ನೀರಿನ ಇನ್ನೊಂದು ಚಮತ್ಕಾರ. ಗೋಧಿಯಲ್ಲಿ ಅಂಟು ಇದೆ, ತಣ್ಣೀರಿನಲ್ಲೇ ನಾದಬಹುದು. ಜೋಳದಲ್ಲಿ ಆ ಅಂಟಿಲ್ಲ. ಕುದಿವ ನೀರು ಹಾಕಿದಾಗ ಹಿಟ್ಟಿನ ಪಿಷ್ಟ ನೀರು ಹೀರಿ ಉಬ್ಬಿ ತಾನೇ ಅಂಟಾಗುತ್ತದೆ, ಆಗ ರೊಟ್ಟಿ ತಟ್ಟಲು ಬರುತ್ತದೆ. ತಟ್ಟಿ ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆಯಲ್ಲಿ ನೀರು ಸವರುವುದೂ ಸುಮ್ಮನೆ ಅಲ್ಲ, ಒಣಹಿಟ್ಟು ಹೋಗಿ ರೊಟ್ಟಿ ಬಿರುಕು ಬಿಡದೆ ಉಬ್ಬುತ್ತದೆ. ಎಣ್ಣೆ ಸೊನ್ನೆ. ಮೈಸೂರು ಕಡೆಯ ರಾಗಿಮುದ್ದೆಯದೂ ಇದೇ ಕಥೆ. ಮುಂಬಯಿಗೆ ಬಂದು ಎರಡನೇ ತಲೆಮಾರಿಗೆ ರೊಟ್ಟಿ ಹೋಗಿ ಪರಾಠಾ ಬಂದಿದೆ. ನನ್ನ ಹತ್ತಿರ ಬರುವ ನಲವತ್ತರ ಆಸುಪಾಸಿನವರ ಕೊಲೆಸ್ಟರಾಲ್ ರಿಪೋರ್ಟ್ ನೋಡುವಾಗ ಈ ಬದಲಾವಣೆ ನೆನಪಾಗುತ್ತದೆ.

ಈಗ ಬೇಳೆ. ಊರಿಗೆ ಹೋದಾಗ ಅಮ್ಮ ಹೇಳುತ್ತಾರೆ, "ಇಲ್ಲಿ ಬೋರ್‌ವೆಲ್ ನೀರಲ್ಲಿ ಬೇಳೆ ಬೇಯೋದೇ ಇಲ್ಲ ಕಣಪ್ಪ" ಎಂದು. ಅವರು ಹೇಳುವುದು ನಿಜ. ಬೋರ್‌ವೆಲ್‌ನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿರುತ್ತದೆ. ಅವು ಬೇಳೆಯ ಕಣಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟಿಗೆ ಕೂಡಿಕೊಂಡು ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತವೆ. ಮುಂಬಯಿಯ ಪಾಲಿಕೆ ನೀರು ತಾನ್ಸಾ, ಭಾತ್ಸಾ, ವೈತರಣಾ ಮುಂತಾದ ಕೆರೆಗಳಲ್ಲಿ ನಿಂತ ಮಳೆನೀರು, ಮೆದು ನೀರು. ಅದಕ್ಕೇ ಇಲ್ಲಿ ತೊಗರಿಬೇಳೆ ಮೂರು ವಿಶಲ್‌ಗೆ ಕರಗುತ್ತದೆ. ಸೊಸೈಟಿಯಲ್ಲಿ ಟ್ಯಾಂಕರ್ ನೀರು ಬಂದ ವಾರ ಬೇಳೆ ಸತಾಯಿಸಿದರೆ ಬೇಳೆಯ ಅಂಗಡಿಯವನನ್ನು ಬೈಯಬೇಡಿ. ಟ್ಯಾಂಕರ್ ನೀರು ಹಲವು ಸಲ ಬಾವಿ, ಬೋರ್‌ವೆಲ್‌ನದು.

ಬೇಳೆ ಬೇಯದಿದ್ದಾಗ ಹೆಚ್ಚಿನವರು ಚಿಟಿಕೆ ಸೋಡಾ ಹಾಕುತ್ತಾರೆ. ಹೃದಯದ ಡಾಕ್ಟರಾಗಿ ನಾನು ಬೇಡ ಎನ್ನುವುದು ಇದನ್ನೇ. ಅಡುಗೆ ಸೋಡಾದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೋಡಿಯಂ. ಒಂದು ಪೂರ್ತಿ ಸಣ್ಣ ಚಮಚದಲ್ಲಿ ಸುಮಾರು 1,250 ಮಿಲಿಗ್ರಾಂ. ಇಡೀ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿಯೇ 2,000 ಮಿಲಿಗ್ರಾಂ, ಅಂದರೆ 5 ಗ್ರಾಂ ಉಪ್ಪು. ಸೋಡಾ ಉಪ್ಪಿನಷ್ಟು ಉಪ್ಪಾಗಿರುವುದಿಲ್ಲ, ಹಾಗಾಗಿ ನಾಲಿಗೆಗೆ ಗೊತ್ತಾಗುವುದಿಲ್ಲ, ರಕ್ತದೊತ್ತಡಕ್ಕೆ ಗೊತ್ತಾಗುತ್ತದೆ. ಜೊತೆಗೆ ಬೇಳೆಯಲ್ಲಿರುವ ಬಿ1 ಜೀವಸತ್ವವನ್ನೂ ಸೋಡಾ ಹಾಳು ಮಾಡುತ್ತದೆ. ಸೋಡಾ ಬದಲು ಬೇಳೆಯನ್ನು ಒಂದು ಗಂಟೆ ನೆನೆಸಿಡಿ, ಕುಡಿಯುವ ಫಿಲ್ಟರ್ ನೀರಿನಲ್ಲಿ ಬೇಯಿಸಿ. ಹುಣಸೆಹುಳಿ, ಟೊಮೆಟೊ ಆಮೇಲೆ ಹಾಕಿ. ಹುಳಿ ಮೊದಲೇ ಬಿದ್ದರೂ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಬೇಳೆ ಬೆಂದ ಮೇಲೆ ಹುಳಿ ಎಂಬ ಅಜ್ಜಿಯಂದಿರ ನಿಯಮ ಸರಿಯಾದದ್ದೇ.

ಕುಕ್ಕರ್ ಮಾಡುವುದು ಇಷ್ಟೇ: ಆವಿಯನ್ನು ಹೊರಗೆ ಬಿಡದೆ ಒತ್ತಡ ಹೆಚ್ಚಿಸಿ, ನೀರಿನ 100 ಡಿಗ್ರಿಯ ಗಡಿಯನ್ನು ಸುಮಾರು 120ಕ್ಕೆ ಏರಿಸುತ್ತದೆ. ವಿಶಲ್ ಮೇಲೆ ವಿಶಲ್ ಕೂಗಿಸುವುದರಿಂದ ಒಳಗಿನ ಬಿಸಿ ಇನ್ನಷ್ಟು ಹೆಚ್ಚುವುದಿಲ್ಲ. ಒಂದು ವಿಶಲ್ ಆದ ಮೇಲೆ ಉರಿ ಸಣ್ಣ ಮಾಡಿ ನಿಮಿಷ ಎಣಿಸಿ. ಬೆಂಗಳೂರಿಂದ ಹೊಸದಾಗಿ ಬಂದವರಿಗೆ ಒಂದು ಮಾತು: ಅಲ್ಲಿ ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯ ಅನ್ನ ಮುಂಬಯಿಯಲ್ಲಿ ಸ್ವಲ್ಪ ಬೇಗ ಆಗುತ್ತದೆ, ಗಾಬರಿಯಾಗಬೇಡಿ.

ಕಾಳುಗಳಲ್ಲಿ ಒಂದೇ ಒಂದನ್ನು ಎತ್ತಿ ಹೇಳಬೇಕು, ರಾಜ್ಮಾ. ಊರಲ್ಲಿ ಹುರುಳಿ, ಅಲಸಂಡೆ, ಕಡಲೆ ತಿಂದ ನಮಗೆ ಇದು ಇಲ್ಲಿ ಬಂದ ಮೇಲಿನ ಅಭ್ಯಾಸ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷದ ಅಂಶ ಇದೆ, ಅರೆಬೆಂದ ನಾಲ್ಕೈದು ಕಾಳು ಸಾಕು ವಾಂತಿಭೇದಿಗೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಪೂರ್ತಿ ಬೇಯಿಸಿದರೆ ಏನೂ ಭಯವಿಲ್ಲ. ಮಕ್ಕಳು ವಿದೇಶದಿಂದ ತಂದುಕೊಟ್ಟ ಸ್ಲೋ ಕುಕ್ಕರಿನಲ್ಲಿ ಮಾತ್ರ ರಾಜ್ಮಾ ನೇರವಾಗಿ ಹಾಕಬೇಡಿ. ಅದು ಕುದಿಯುವ ಮಟ್ಟಕ್ಕೆ ಹೋಗದೆ ಇರಬಹುದು. ಅರೆಬಿಸಿಯಲ್ಲಿ ಆ ವಿಷ ಹೋಗುವುದಿಲ್ಲ.

ಅನ್ನದ ನೀರಿನ ಕಥೆ ನನಗೆ ಬಹಳ ಇಷ್ಟ, ಏಕೆಂದರೆ ಅದರಲ್ಲಿ ಹೃದಯ ಇದೆ. ಬಿ1 ಜೀವಸತ್ವ ಇಲ್ಲದಿದ್ದರೆ ಬೆರಿಬೆರಿ ಎಂಬ ಕಾಯಿಲೆ ಬರುತ್ತದೆ. ಅದರ ಒಂದು ರೂಪದಲ್ಲಿ ಕಾಲು ಊದಿ, ಉಸಿರು ಕಟ್ಟಿ, ಹೃದಯ ಸೋತು ಮನುಷ್ಯ ಸಾಯುತ್ತಾನೆ. ಜಾವಾದಲ್ಲಿ ಕೆಲಸ ಮಾಡುತ್ತಿದ್ದ ಡಚ್ ವೈದ್ಯ ಐಕ್ಮಾನ್ 1890ರ ದಶಕದಲ್ಲಿ ಕೋಳಿಗಳನ್ನು ಗಮನಿಸಿ, ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದವಕ್ಕೆ ಕಾಯಿಲೆ ಬರುತ್ತದೆ, ತೌಡು ಇರುವ ಅಕ್ಕಿ ತಿಂದರೆ ವಾಸಿಯಾಗುತ್ತದೆ ಎಂದು ಕಂಡುಕೊಂಡ. 1929ರಲ್ಲಿ ಅವನಿಗೆ ನೊಬೆಲ್ ಬಂತು. ನಮ್ಮಲ್ಲೂ ಹಳೆಯ ಮದ್ರಾಸ್ ಪ್ರಾಂತದ ಉತ್ತರದ ತೆಲುಗು ಜಿಲ್ಲೆಗಳಲ್ಲಿ, ಬಿಳಿ ಅಕ್ಕಿ ತಿನ್ನುವ ಕಡೆ, ಬೆರಿಬೆರಿ ಇತ್ತು. ಕುಚ್ಚಲಕ್ಕಿ ತಿನ್ನುವ ಜಿಲ್ಲೆಗಳು ಬಹುಮಟ್ಟಿಗೆ ಬಚಾವಾದವು. ಕಾರಣ ನೀರು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸುವಾಗ ತೌಡಿನಲ್ಲಿದ್ದ ಬಿ1 ನೀರಿನಲ್ಲಿ ಕರಗಿ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿನಲ್ಲಿ ತೌಡು ಹೋದರೂ ಒಂದಷ್ಟು ಒಳಗೆ ಉಳಿದಿರುತ್ತದೆ. ಉಡುಪಿ, ಮಂಗಳೂರಿನವರು ಕುಚ್ಚಲಕ್ಕಿಯನ್ನು ಬಡವರ ಅಕ್ಕಿ, ಊರಿನ ಅಕ್ಕಿ ಎಂದು ಇಲ್ಲಿ ಬಂದು ಬಿಟ್ಟು ಬಾಸ್ಮತಿಗೆ ಹೋಗುವುದು ನೋಡಿದರೆ ಬೇಸರವಾಗುತ್ತದೆ.

ಅದೇ ನೀರು ಕೊಡುವಂತೆ ಕೊಂಡೂ ಹೋಗುತ್ತದೆ. ಬೆಳ್ತಿಗೆ ಅಕ್ಕಿಯನ್ನು ನಾಲ್ಕೈದು ಸಲ ಉಜ್ಜಿ ತೊಳೆದರೆ ಇದ್ದ ಬಿ1ನ ಗಣನೀಯ ಭಾಗ ಸಿಂಕಿಗೆ ಹೋಗುತ್ತದೆ. ಎರಡು ಸಲ ಹಗುರವಾಗಿ ತೊಳೆದರೆ ಸಾಕು. ಬಸಿದ ತೆಳಿಯಲ್ಲೂ ಒಂದಷ್ಟು ಜೀವಸತ್ವ ಹೋಗುತ್ತದೆ. ತೆಳಿಗೆ ಉಪ್ಪು ಹಾಕದೆ ಸಾರಿಗೆ ಬಳಸಿ. ಸಕ್ಕರೆ ಕಾಯಿಲೆಯವರು ತೆಳಿ ಕುಡಿಯುವುದು ಬೇಡ, ಅದರಲ್ಲಿ ಪಿಷ್ಟ ಇದೆ. ತರಕಾರಿ ಬೇಯಿಸಿದ ನೀರಿಗೂ ಇದೇ ಮಾತು: ಸಿ ಜೀವಸತ್ವ, ಬಿ ಗುಂಪಿನವು ನೀರಿಗೆ ಇಳಿದಿರುತ್ತವೆ, ಆ ನೀರು ಸಾರಿಗೆ ಹೋಗಲಿ. ಕಡಿಮೆ ನೀರು, ಮುಚ್ಚಳ, ಕಡಿಮೆ ಹೊತ್ತು.

ಇದಕ್ಕೆ ಒಂದು ಅಪವಾದ ಇದೆ, ದಯವಿಟ್ಟು ಗಮನಿಸಿ. ಕಿಡ್ನಿ ದುರ್ಬಲವಾಗಿರುವವರಿಗೆ ಪೊಟ್ಯಾಸಿಯಂ ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರೆ ನಿಯಮ ತಿರುಗುಮುರುಗು. ಆಗ ಆಲೂಗಡ್ಡೆ, ಗೆಣಸು ಮುಂತಾದವನ್ನು ಸಣ್ಣಗೆ ಹೆಚ್ಚಿ, ಬಹಳ ನೀರಿನಲ್ಲಿ ಬೇಯಿಸಿ, ಆ ನೀರು ಚೆಲ್ಲಬೇಕು. ಪೊಟ್ಯಾಸಿಯಂ ನೀರಿಗೆ ಇಳಿದು ಹೋಗುತ್ತದೆ. ಹೃದಯದ ಪಂಪ್ ದುರ್ಬಲವಾದವರಿಗೆ ನಾವು ಕೊಡುವ ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಟೆಲ್ಮಿಸಾರ್ಟನ್‌ನಂಥ ಮಾತ್ರೆಗಳೂ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಲ್ಲವು. ಇವನ್ನು ತಿನ್ನುವವರು ದಿನಾ ಎಳನೀರು ಕುಡಿಯುವ ಮೊದಲು, 'ಲೋ ಸೋಡಿಯಂ' ಉಪ್ಪಿಗೆ ಬದಲಾಯಿಸುವ ಮೊದಲು ಡಾಕ್ಟರನ್ನು ಕೇಳಿ. ಆ ಉಪ್ಪಿನಲ್ಲಿ ಸೋಡಿಯಂ ಬದಲು ಒಂದು ಪಾಲು ಪೊಟ್ಯಾಸಿಯಂ ಇರುತ್ತದೆ. ಪೊಟ್ಯಾಸಿಯಂ ಅತಿಯಾದರೆ ಹೃದಯದ ಬಡಿತವೇ ತಪ್ಪುತ್ತದೆ.

ಉಪ್ಪಿನ ಬಗ್ಗೆ ನಾನು ಮನೆಮನೆಗೂ ಹೋಗಿ ಹೇಳಬೇಕೆಂದಿರುವ ಮಾತು ಒಂದೇ: ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಬೆಳಗ್ಗೆ ಮಾಡಿದ ಹುಳಿ ಮಧ್ಯಾಹ್ನ ಒಮ್ಮೆ ಕುದಿಯುತ್ತದೆ, ರಾತ್ರಿ ಒಮ್ಮೆ, ಮರುದಿನ ಇಡ್ಲಿಗೆ ಇನ್ನೊಮ್ಮೆ. ಪ್ರತಿ ಸಲ ನೀರು ಹೋಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಮರುದಿನದ ಹುಳಿ ಹೆಚ್ಚು ರುಚಿ ಎನ್ನುವುದರಲ್ಲಿ ಒಂದು ಪಾಲು ಈ ಉಪ್ಪಿನದೇ. ಬಿಸಿ ಮಾಡುವಾಗ ಆರಿದಷ್ಟು ಬರಿ ನೀರು ಸೇರಿಸಿ, ಅಥವಾ ತಿನ್ನುವಷ್ಟನ್ನು ಮಾತ್ರ ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿ. ಉಪ್ಪನ್ನು ಕುದಿಯುವ ಆರಂಭದಲ್ಲಿ ಅಲ್ಲ, ಇಳಿಸುವ ಮೊದಲು ಹಾಕಿ. ಎಷ್ಟು ಬೇಕೆಂದು ಆಗ ನಾಲಿಗೆಗೆ ಸರಿಯಾಗಿ ತಿಳಿಯುತ್ತದೆ. ಅನ್ನಕ್ಕೆ ಉಪ್ಪು ಹಾಕಿ ಬೇಯಿಸುವ ಅಭ್ಯಾಸವಿದ್ದರೆ ಬಿಡಿ, ಅದಕ್ಕೆ ಕಲಸುವ ಸಾರಿನಲ್ಲಿ ಇದೆಯಲ್ಲ.

ಮೀನು, ಮಾಂಸ ತಿನ್ನುವವರಿಗೆ: ಬಂಗುಡೆ, ಬೂತಾಯಿಯಲ್ಲಿ ಹೃದಯಕ್ಕೆ ಒಳ್ಳೆಯದಾದ ಕೊಬ್ಬು ಇದೆ. ಸಾರು, ಗಸಿಯಲ್ಲಿ ಬೆಂದರೆ ಆ ಕೊಬ್ಬು ಬಹುಪಾಲು ತಟ್ಟೆಯಲ್ಲೇ ಸಿಗುತ್ತದೆ. ರವೆ ಹಚ್ಚಿ ಕರಿದರೆ ಅದರ ಒಂದು ಭಾಗ ಬಾಣಲೆಗೆ ಹೋಗಿ, ಬಾಣಲೆಯ ಎಣ್ಣೆ ಮೀನಿಗೆ ಬರುತ್ತದೆ. ಮಟನ್ ಸಾರನ್ನು ಹಿಂದಿನ ದಿನವೇ ಬೇಯಿಸಿ ಫ್ರಿಜ್ಜಿನಲ್ಲಿಟ್ಟರೆ ಕೊಬ್ಬು ಮೇಲೆ ಬಿಳಿ ಹಲಗೆಯಂತೆ ಗಟ್ಟಿಯಾಗಿರುತ್ತದೆ. ಚಮಚದಲ್ಲಿ ತೆಗೆದು ಎಸೆಯಿರಿ. ಆ ಹಲಗೆಯನ್ನು ಒಮ್ಮೆ ಮನೆಯವರಿಗೆ ತೋರಿಸಿ, ನಾನು ಹೇಳುವುದಕ್ಕಿಂತ ಚೆನ್ನಾಗಿ ಅರ್ಥವಾಗುತ್ತದೆ.

ಕರಿಯುವಾಗಲೂ ನೀರಿನ ಪಾತ್ರ ಇದೆ. ಎಣ್ಣೆಗೆ ಹಾಕಿದ ಪೂರಿಯಿಂದ ಏಳುವ ಗುಳ್ಳೆಗಳು ಎಣ್ಣೆಯದಲ್ಲ, ಹಿಟ್ಟಿನ ನೀರು ಆವಿಯಾಗಿ ಹೊರಬರುವುದು. ಆವಿಗೆ ನೀರಿನ 1,600 ಪಟ್ಟು ಜಾಗ ಬೇಕು, ಪೂರಿ ಉಬ್ಬುವುದು ಅದಕ್ಕೇ. ಆವಿ ಹೊರನುಗ್ಗುವಷ್ಟು ಹೊತ್ತು ಎಣ್ಣೆ ಒಳಗೆ ಹೋಗಲಾರದು. ಹೊರತೆಗೆದು ತಣಿಯುವಾಗ ಖಾಲಿಯಾದ ರಂಧ್ರಗಳಿಗೆ ಮೇಲ್ಮೈಯ ಎಣ್ಣೆ ಇಳಿಯುತ್ತದೆ. ಆದ್ದರಿಂದ ಎತ್ತಿದ ಕೂಡಲೇ ಚೆನ್ನಾಗಿ ಜಾಡಿಸಿ ಕಾಗದದ ಮೇಲೆ ಹಾಕಿ, ಆಮೇಲೆ ಅಲ್ಲ. ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಹೋಟೆಲುಗಳಿಗೂ 2018ರ ಜುಲೈನಿಂದ ಇದಕ್ಕೆ ಕಾನೂನು ಇದೆ, ಕೆಟ್ಟ ಅಂಶ ಶೇಕಡಾ 25 ದಾಟಿದ ಎಣ್ಣೆಯನ್ನು ಬಳಸುವಂತಿಲ್ಲ. ಮತ್ತೊಂದು: ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ, ಅದೇ 1,600 ಪಟ್ಟು ಆವಿ ಎಣ್ಣೆಯನ್ನು ಮುಖಕ್ಕೆ ಎರಚುತ್ತದೆ. ಗ್ಯಾಸ್ ಆರಿಸಿ, ಮುಚ್ಚಳ ಮುಚ್ಚಿ.

ಇದೇ ಗ್ರೂಪುಗಳಲ್ಲಿ ತಿರುಗುವ ಇನ್ನೆರಡು ಮೆಸೇಜುಗಳ ಬಗ್ಗೆಯೂ ಕೇಳುತ್ತೀರಿ. ಊಟದ ಜೊತೆ ತಣ್ಣೀರು ಕುಡಿದರೆ ಕೊಬ್ಬು ಹೆಪ್ಪುಗಟ್ಟಿ ಹೃದಯಾಘಾತ ಆಗುತ್ತದೆ ಎನ್ನುವುದು ಸುಳ್ಳು. ನುಂಗಿದ ನೀರು ಹೊಟ್ಟೆಯಲ್ಲಿ ಸ್ವಲ್ಪ ಹೊತ್ತಿಗೆ ಮೈಯ ಬಿಸಿಗೆ, ಅಂದರೆ 37 ಡಿಗ್ರಿಗೆ ಬರುತ್ತದೆ. ಬಿಸಿನೀರು, ನಿಂಬೆ, ಶುಂಠಿ ಕುಡಿದರೆ ರಕ್ತನಾಳದ ಬ್ಲಾಕೇಜ್ ಕರಗುತ್ತದೆ ಎನ್ನುವುದೂ ಸುಳ್ಳು, ಮೇಲಾಗಿ ಅಪಾಯಕಾರಿ. ಅದನ್ನು ನಂಬಿ ಮಾತ್ರೆ ನಿಲ್ಲಿಸಿದವರು ಆಂಬ್ಯುಲೆನ್ಸಿನಲ್ಲಿ ಬರುತ್ತಾರೆ. ಇವನ್ನು ಫಾರ್ವರ್ಡ್ ಮಾಡಬೇಡಿ.

ಕೊನೆಗೆ, ಅತ್ಯಂತ ಮುಖ್ಯವಾದದ್ದು. ಹೃದಯದ ಪಂಪ್ ದುರ್ಬಲವಾಗಿ, "ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ನೀರು ಬೇಡ" ಎಂದು ಡಾಕ್ಟರು ಬರೆದುಕೊಟ್ಟವರು ನಮ್ಮಲ್ಲಿ ಬಹಳ ಜನ ಇದ್ದಾರೆ. (ಎಲ್ಲ ಹೃದಯ ರೋಗಿಗಳಿಗೂ ಈ ಮಿತಿ ಇಲ್ಲ. ಸ್ಟೆಂಟ್ ಹಾಕಿಸಿಕೊಂಡು ಪಂಪ್ ಸರಿಯಿರುವವರು ಬಾಯಾರಿದಷ್ಟು ಕುಡಿಯಬಹುದು.) ಈ ಮಿತಿ ಇರುವವರು ಕಾಲು ಊದಿ, ರಾತ್ರಿ ಮಲಗಲಾಗದೆ ಮತ್ತೆ ಆಸ್ಪತ್ರೆಗೆ ಬರುತ್ತಾರೆ. ಕೇಳಿದರೆ ಮನೆಯವರು ಖಂಡಿತವಾಗಿ ಹೇಳುತ್ತಾರೆ, "ಇಲ್ಲ ಡಾಕ್ಟ್ರೇ, ನೀರು ಒಂದು ಲೀಟರ್ ಬಾಟಲಿ, ಎರಡು ಸಲ ಚಹಾ, ಅಷ್ಟೇ. ನಾನೇ ಕೊಡೋದು." ಆಮೇಲೆ ಊಟ ಏನು ಎಂದು ಕೇಳಬೇಕು. "ಹುಷಾರಿಲ್ಲ ಅಲ್ವಾ, ಬೆಳಗ್ಗೆ ಗಂಜಿ. ಮಧ್ಯಾಹ್ನ ತಿಳಿಸಾರು ಅನ್ನ, ಮೇಲೆ ಮಜ್ಜಿಗೆ. ರಾತ್ರಿ ಮತ್ತೆ ಗಂಜಿ." ಅಲ್ಲಿ ಇನ್ನೊಂದು ಲೀಟರ್ ಇದೆ, ಉಪ್ಪಿನ ಸಮೇತ! ಪ್ರೀತಿಯಿಂದಲೇ ಕೊಟ್ಟದ್ದು. ನಮ್ಮ ಕಡೆ ಕಾಯಿಲೆ ಎಂದರೆ ಗಂಜಿ, ಅದನ್ನು ಯಾರೂ ನೀರು ಎಂದು ಎಣಿಸುವುದಿಲ್ಲ. ಹೇಳುವ ನಾವು ಡಾಕ್ಟರುಗಳೂ 'ನೀರು' ಎಂದಷ್ಟೇ ಬರೆದು ಬಿಡುತ್ತೇವೆ.

ಪಾತ್ರೆಯಲ್ಲಿ ಸುರಿದರೆ ಹರಿಯುವುದೆಲ್ಲ ಲೆಕ್ಕಕ್ಕೆ: ಗಂಜಿ, ತೆಳಿ, ಸಾರು, ಮಜ್ಜಿಗೆ, ಪಾಯಸ, ಹಾಲು, ಕಾಫಿ, ಮಾತ್ರೆ ನುಂಗುವ ನೀರು. ಇಡ್ಲಿ, ಅನ್ನ, ಚಪಾತಿ, ಪಲ್ಯವನ್ನು ಎಣಿಸಬೇಕಿಲ್ಲ. ಇಂಥವರಿಗೆ ಗಂಜಿಗಿಂತ ಮೆತ್ತಗಿನ ಅನ್ನ, ಇಡ್ಲಿ ಒಳ್ಳೆಯದು. ಲೆಕ್ಕ ಇಡುವ ಸುಲಭ ದಾರಿ ಹೀಗೆ: ಬೆಳಗ್ಗೆ ಎದ್ದು ಬಾಟಲಿಗಳಲ್ಲಿ ಒಂದೂವರೆ ಲೀಟರ್ ನೀರು ತುಂಬಿಡಿ. ಸಾರೋ ಚಹಾವೋ ಕುಡಿದಾಗಲೆಲ್ಲ ಅಷ್ಟೇ ನೀರನ್ನು ಬಾಟಲಿಯಿಂದ ತೆಗೆದು ಗಿಡಕ್ಕೆ ಹಾಕಿ. ಬಾಟಲಿಯಲ್ಲಿ ಉಳಿದದ್ದು ಅವರ ಪಾಲು. ಮನೆಯ ಲೋಟ, ಸಾರಿನ ಸೌಟು ಎಷ್ಟು ಹಿಡಿಯುತ್ತವೆ ಎಂದು ಔಷಧದ ಅಳತೆ ಮುಚ್ಚಳದಿಂದಲೋ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನ ಲೆಕ್ಕದಿಂದಲೋ ಒಮ್ಮೆ ಅಳೆದಿಟ್ಟುಕೊಳ್ಳಿ. ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯಿರಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಉಸಿರು ಕಟ್ಟುವ ತನಕ ಕಾಯದೆ ಅಂದೇ ಡಾಕ್ಟರಿಗೆ ಫೋನ್ ಮಾಡಿ. ವಾಂತಿಭೇದಿ, ಜ್ವರ ಬಂದಾಗ, ಮೇ ತಿಂಗಳ ಸೆಕೆಯಲ್ಲಿ ಬಹಳ ಬೆವರಿದಾಗಲೂ ಫೋನ್ ಮಾಡಬೇಕು, ಆಗ ಮಿತಿಯನ್ನೂ ಮೂತ್ರದ ಮಾತ್ರೆಯನ್ನೂ ಬದಲಾಯಿಸಬೇಕಾಗಬಹುದು. ನೀವೇ ತೀರ್ಮಾನ ಮಾಡಬೇಡಿ.

ಬಾಟಲಿ ಖಾಲಿಯಾಗಿ ರಾತ್ರಿ ಬಾಯಾರಿದರೆ ಬಾಯಿ ಮುಕ್ಕಳಿಸಿ ಉಗುಳಲಿ, ಒಂದು ಚೂರು ನಿಂಬೆ ಚೀಪಲಿ, ಅಥವಾ ಒಂದು ಸಣ್ಣ ಐಸ್ ಕ್ಯೂಬ್ ಬಾಯಲ್ಲಿಡಲಿ. ಆ ಐಸ್ ಅನ್ನೂ ಲೆಕ್ಕಕ್ಕೆ ಸೇರಿಸಿ, ಅದೂ ನೀರೇ.